ಹಳೇ ಮಾರ್ಟಿನ್ ಗಿಟಾರ್‌ಗೆ ಮೂರೂವರೆ ಲಕ್ಷ ಕೊಡಬಹುದಾ?

ಪ್ರಶ್ನೆ: ನಾನಿರುವುದು ಬೆಂಗಳೂರಿನಲ್ಲಿ. ಕೆಲವು ವರ್ಷಗಳಿಂದ ಯಮಾಹಾ ಅಕೂಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ಮಂಗಳೂರಿನಲ್ಲಿರುವ ಅಪ್ಪನ ಸ್ನೇಹಿತರ ಹತ್ತಿರ ಅಮೆರಿಕದ ಮಾರ್ಟಿನ್ ಕಂಪನಿಯ ಡಿ-28 ಮಾಡೆಲ್ ಗಿಟಾರ್ ಇದೆ. ಅಮೆರಿಕದಲ್ಲಿದ್ದಾಗ ಸೆಕೆಂಡ್ ಹ್ಯಾಂಡ್ ಕೊಂಡು, 90ರ ದಶಕದಲ್ಲಿ ಊರಿಗೆ ತಂದದ್ದಂತೆ. ‘ಅರವತ್ತರ ದಶಕದ್ದು, ಬ್ರೆಜಿಲಿಯನ್ ರೋಸ್‌ವುಡ್, ಈಗ ಸಿಗಲ್ಲ’ ಅಂತ 3.5 ಲಕ್ಷ ಹೇಳುತ್ತಿದ್ದಾರೆ. ಒಳಗಿನ ಸೀರಿಯಲ್ ನಂಬರ್ ಆರು ಅಂಕಿಯದು, 34ರಿಂದ ಶುರುವಾಗುತ್ತದೆ. ಜುಲೈನಲ್ಲಿ ಹೋಗಿ ನೋಡಿ ಬಂದೆ. ನಾದ ತುಂಬ ಚೆನ್ನಾಗಿದೆ, ಆದರೆ ಮೇಲಿನ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳು) ಒತ್ತಲು ಕಷ್ಟ. 12ನೇ ಫ್ರೆಟ್ ಹತ್ತಿರ ದಪ್ಪ ತಂತಿ 4 ಮಿಲಿಮೀಟರ್ ಎತ್ತರದಲ್ಲಿದೆ. ಬ್ರಿಡ್ಜ್ ಮೇಲೆ ಸ್ಯಾಡಲ್, ಅಂದರೆ ತಂತಿಗಳು ಆತುಕೊಳ್ಳುವ ಸಣ್ಣ ಪಟ್ಟಿ, ಕಾಣುವುದು ಒಂದೂವರೆ ಮಿಲಿಮೀಟರ್ ಅಷ್ಟೇ. ಪಿಕ್‌ಗಾರ್ಡ್ ಪಕ್ಕ ಸಣ್ಣ ಬಿರುಕು ಇದೆ. ಟ್ಯೂನರ್‌ಗಳನ್ನು (ತಂತಿ ಬಿಗಿ ಮಾಡುವ ಕೀಲಿಗಳು) ಬದಲಾಯಿಸಿದ್ದಾರೆ. ‘ಸ್ಯಾಡಲ್ ಸ್ವಲ್ಪ ಉಜ್ಜಿಸಿದರೆ ಎಲ್ಲಾ ಸರಿಹೋಗುತ್ತೆ’ ಅನ್ನುತ್ತಾರೆ. ಕೊಳ್ಳಬಹುದಾ? ಎಷ್ಟು ಕೊಡಬಹುದು?

ಉತ್ತರ: ಅಳತೆ ತೆಗೆದುಕೊಂಡು ಬಂದಿರಲ್ಲ, ಅದೇ ದೊಡ್ಡ ಉಪಕಾರ. ಎಷ್ಟೋ ಜನ ಬರೀ ಫೋಟೊ ಕಳಿಸಿ ‘ಹೇಗಿದೆ ಹೇಳಿ’ ಅನ್ನುತ್ತಾರೆ. ಫೋಟೊದಲ್ಲಿ ಹೊಳಪು ಕಾಣುತ್ತದೆ, ನೆಕ್ (ಗಿಟಾರ್‌ನ ಉದ್ದನೆ ಕತ್ತು) ಎಷ್ಟು ಬಾಗಿದೆ ಅನ್ನುವುದು ಕಾಣುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಗಿಟಾರ್ ಕೊಳ್ಳಬಹುದು. 3.5 ಲಕ್ಷಕ್ಕಂತೂ ಬೇಡ. ಆ ಬೆಲೆಯ ಅರ್ಧವೂ ನನಗೆ ಜಾಸ್ತಿ ಅನಿಸುತ್ತದೆ. ಕಾರಣ ಮುಖ್ಯವಾಗಿ ಎರಡು. ಒಂದು, ಅದು ಅವರು ಹೇಳುವ ಗಿಟಾರ್ ಅಲ್ಲ. ಇನ್ನೊಂದು, ಅದಕ್ಕೆ ಒಂದು ದೊಡ್ಡ ಕೆಲಸ ಬಾಕಿ ಇದೆ, ಆ ಕೆಲಸ ಮಾಡುವ ಕೈ ನಮ್ಮಲ್ಲಿ ಸಿಗುವುದು ಕಷ್ಟ.

ಸೀರಿಯಲ್ ನಂಬರ್‌ನಿಂದ ಶುರು ಮಾಡೋಣ. ಮಾರ್ಟಿನ್ ಕಂಪನಿ 1898ರಿಂದ ಗಿಟಾರ್‌ಗಳಿಗೆ ಸಾಲಾಗಿ ನಂಬರ್ ಹಾಕುತ್ತಾ ಬಂದಿದೆ. ಸೌಂಡ್‌ಹೋಲ್ (ಡಬ್ಬಿಯ ಮುಂದಿನ ದುಂಡು ತೂತು) ಒಳಗೆ, ನೆಕ್ ಬಂದು ಸೇರುವ ಮರದ ತುಂಡಿನ ಮೇಲೆ ಮಾಡೆಲ್ ಹೆಸರು, ಅದರ ಕೆಳಗೆ ನಂಬರ್ ಒತ್ತಿರುತ್ತಾರೆ. ಯಾವ ವರ್ಷ ಯಾವ ನಂಬರ್‌ಗೆ ಮುಗಿಯಿತು ಅನ್ನುವ ಪಟ್ಟಿಯನ್ನು ಕಂಪನಿಯೇ ಕೊಡುತ್ತದೆ. 1973 ಮುಗಿದದ್ದು 333873ಕ್ಕೆ, 1974 ಮುಗಿದದ್ದು 353387ಕ್ಕೆ. ನಿಮ್ಮದು 34ರಿಂದ ಶುರುವಾಗುವುದರಿಂದ ಅದು 1974ರ ಗಿಟಾರ್. ಇದರಲ್ಲಿ ವಾದಕ್ಕೆ ಜಾಗವೇ ಇಲ್ಲ.

1974 ಅಂದ ಮೇಲೆ ಬ್ರೆಜಿಲಿಯನ್ ರೋಸ್‌ವುಡ್ ಮಾತೂ ಬಿದ್ದುಹೋಯಿತು. ಡಿ-28ಕ್ಕೆ ಹಿಂಭಾಗ ಮತ್ತು ಪಕ್ಕಗಳಿಗೆ ಬ್ರೆಜಿಲ್ ಮರ ಬಳಸುತ್ತಿದ್ದದ್ದು 1969ರವರೆಗೆ. ಬ್ರೆಜಿಲ್ ದೇಶ ದಿಮ್ಮಿ ರಫ್ತಿಗೆ ತಡೆ ಹಾಕಿದ ಮೇಲೆ ಒಳ್ಳೆ ಮರ ಸಿಗುವುದು ಕಷ್ಟವಾಯಿತು. 1969ರ ಕೊನೆಯ ಹೊತ್ತಿಗೆ ಮಾರ್ಟಿನ್ ಭಾರತದ ರೋಸ್‌ವುಡ್‌ಗೆ ಬಂತು. ಅಂದರೆ ನಮ್ಮ ಬೀಟೆ! ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಮರ. ಮಲೆನಾಡಿನ ಹಳೇ ಮನೆಗಳ ಮಂಚ, ಪೆಟ್ಟಿಗೆಗಳಿಗೆ, ಮೈಸೂರಿನ ಇನ್‌ಲೇ ಕೆಲಸಕ್ಕೆ ಬಳಸುವ ಅದೇ ಬೀಟೆ. ನಿಮ್ಮ ಅಂಕಲ್ ಅದನ್ನು ಅಮೆರಿಕದಿಂದ ಹೊತ್ತು ತಂದರು ಅಂದರೆ, ಮರ ವಾಪಸ್ ತೌರಿಗೆ ಬಂದಂತಾಯಿತು.

ಅಂಕಲ್ ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಮಾರಿದವರು ಹಾಗೆ ಹೇಳಿರಬಹುದು, ಅವರು ನಂಬಿರಬಹುದು. ಹಳೇ ಗಿಟಾರ್‌ಗಳ ಜೊತೆ ಕಥೆಗಳೂ ಕೈ ಬದಲಾಯಿಸುತ್ತಾ ಬರುತ್ತವೆ. ಆದರೆ ಈ ಕಥೆಯ ಬೆಲೆ ಸಣ್ಣದಲ್ಲ. ಬ್ರೆಜಿಲ್ ಮರದ ಅರವತ್ತರ ದಶಕದ ಡಿ-28ಕ್ಕೂ ಬೀಟೆಯ ಎಪ್ಪತ್ತರ ದಶಕದ ಡಿ-28ಕ್ಕೂ ಮಾರುಕಟ್ಟೆಯಲ್ಲಿ ಎರಡು ಪಟ್ಟಿಗಿಂತ ಹೆಚ್ಚಿನ ಅಂತರ ಇರುತ್ತದೆ. ನಾದದಲ್ಲಿ ಅಷ್ಟು ಅಂತರ ಇದೆಯಾ ಅಂತ ಕೇಳಿದರೆ, ಇಲ್ಲ ಅನ್ನುತ್ತೇನೆ. ಬೆಲೆ ಬಂದಿರುವುದು ಮರ ಅಪರೂಪವಾದದ್ದರಿಂದ.

ಇದರಲ್ಲಿ ನಿಮಗೊಂದು ಲಾಭವೂ ಇದೆ. ಅಳಿವಿನಂಚಿನ ಗಿಡ-ಪ್ರಾಣಿಗಳ ವ್ಯಾಪಾರ ಹಿಡಿತದಲ್ಲಿಡುವ ‘ಸೈಟಿಸ್’ ಒಪ್ಪಂದದಲ್ಲಿ ಬ್ರೆಜಿಲ್ ಮರ 1992ರಿಂದ ಅತಿ ಬಿಗಿಯಾದ ಮೊದಲ ಪಟ್ಟಿಯಲ್ಲಿದೆ. ಅಂಥ ಗಿಟಾರನ್ನು ಗಡಿ ದಾಟಿಸಿ ಮಾರಲು ಕಾಗದಪತ್ರ ಹೊಂದಿಸುವುದರಲ್ಲೇ ಸಾಕಾಗುತ್ತದೆ. ಬೀಟೆಯೂ ಸೇರಿ ಆ ಜಾತಿಯ ಉಳಿದ ಮರಗಳನ್ನು 2017ರ ಜನವರಿಯಲ್ಲಿ ಎರಡನೇ ಪಟ್ಟಿಗೆ ಹಾಕಿದರು. ಆಮೇಲೆ 2019ರ ನವೆಂಬರ್‌ನಲ್ಲಿ, ಪೂರ್ತಿ ತಯಾರಾಗಿರುವ ವಾದ್ಯಗಳಿಗೆ ವಿನಾಯ್ತಿ ಕೊಟ್ಟರು. ಮುಂದೊಂದು ದಿನ ನೀವು ವಿದೇಶಕ್ಕೆ ಹೋದರೆ ಬೀಟೆಯ ಗಿಟಾರ್ ತಲೆನೋವು ಕೊಡುವುದಿಲ್ಲ.

ಅಸಲಿಯೋ ನಕಲಿಯೋ ಅಂತ ನೀವು ಕೇಳಿಲ್ಲ. ಆದರೂ ಎರಡು ಮಾತು. ಡಿ-28ರ ಹಿಂಭಾಗ ಎರಡು ಹಲಗೆಯದು, ನಡುವೆ ಬಣ್ಣದ ಚಿಕ್ಕ ಚಿಕ್ಕ ಚೌಕಗಳ ಪಟ್ಟಿ ಇರುತ್ತದೆ. ಮೂರು ಹಲಗೆ ಇದ್ದರೆ ಅದು ಡಿ-35. ನೆಕ್ ಮತ್ತು ತಲೆ ಸೇರುವ ಕಡೆ, ಹಿಂದೆ ಕೈಯಾಡಿಸಿದರೆ ವಜ್ರದಾಕಾರದ ಏಣು ಸಿಗಬೇಕು. ಇನ್ನು ಟ್ರಸ್ ರಾಡ್, ಅಂದರೆ ನೆಕ್ ಬಾಗು ಸರಿಮಾಡುವ ಕಂಬಿಯ ವಿಷಯ. ಮಾರ್ಟಿನ್ ನೆಕ್ ಒಳಗೆ ತಿರುಗಿಸುವ ಟ್ರಸ್ ರಾಡ್ ಹಾಕಲು ಶುರು ಮಾಡಿದ್ದೇ 1985ರಲ್ಲಿ. ನಿಮ್ಮದರಲ್ಲಿ ಇರುವುದು ಅಲುಗಾಡದ ಚೌಕ ಉಕ್ಕಿನ ಕೊಳವೆ. ತಲೆಯ ಮೇಲೆ ಸಣ್ಣ ಮುಚ್ಚಳ, ಅದಕ್ಕೆರಡು ಸ್ಕ್ರೂ ಕಂಡರೆ ಅಲ್ಲಿಂದ ಎದ್ದು ಬನ್ನಿ. ಮಾರ್ಟಿನ್ ಹಾಗೆ ಮಾಡುವುದೇ ಇಲ್ಲ. ಈಗಿನ ಮಾರ್ಟಿನ್‌ಗಳಲ್ಲೂ ಟ್ರಸ್ ರಾಡ್ ತಿರುಗಿಸುವುದು ಸೌಂಡ್‌ಹೋಲ್ ಒಳಗಿನಿಂದ.

ಈಗ ನಿಜವಾದ ವಿಷಯಕ್ಕೆ ಬರೋಣ. ನೀವು ಕಳಿಸಿದ ಎರಡು ಅಳತೆಯಲ್ಲೇ ಈ ಗಿಟಾರ್‌ನ ಅರ್ಧ ಜಾತಕ ಇದೆ.

ಲೈಟ್ ಗೇಜ್ ತಂತಿ ಹಾಕಿ ಶ್ರುತಿ ಮಾಡಿದರೆ ಆರೂ ತಂತಿ ಸೇರಿ 70 ಕಿಲೋಗೂ ಜಾಸ್ತಿ ಎಳೆಯುತ್ತವೆ. ಐವತ್ತು ವರ್ಷ ಹಗಲೂ ರಾತ್ರಿ ಎಳೆದರೆ ಯಾವ ಮರವೂ ಹಾಗೇ ನಿಲ್ಲುವುದಿಲ್ಲ. ಡಬ್ಬಿ ನಿಧಾನಕ್ಕೆ ಆಕಾರ ಬದಲಿಸುತ್ತದೆ, ಬ್ರಿಡ್ಜ್ ಹಿಂದಿನ ಟಾಪ್ (ಡಬ್ಬಿಯ ಮುಂಭಾಗದ ಹಲಗೆ) ಉಬ್ಬುತ್ತದೆ, ನೆಕ್ ಮುಂದಕ್ಕೆ ಬಾಗುತ್ತದೆ. ಆಗ ತಂತಿ ಫ್ರೆಟ್‌ಗಳಿಂದ ದೂರ ಹೋಗುತ್ತದೆ. ತಂತಿ ಎತ್ತರವಾಯಿತು ಅಂತ ಸ್ಯಾಡಲ್ ಉಜ್ಜುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಮತ್ತೆ ಎತ್ತರವಾಗುತ್ತದೆ, ಮತ್ತೆ ಉಜ್ಜುತ್ತಾರೆ. ಕೊನೆಗೆ ಉಜ್ಜಲು ಸ್ಯಾಡಲ್ಲೇ ಉಳಿಯುವುದಿಲ್ಲ. ನಿಮ್ಮ ಗಿಟಾರ್ ಆ ಕೊನೆಗೇ ಬಂದು ನಿಂತಿದೆ.

ಲೆಕ್ಕ ಹಾಕಿ ನೋಡಿ. ಡಿ-28ಕ್ಕೆ 12ನೇ ಫ್ರೆಟ್ ಹತ್ತಿರ ದಪ್ಪ ತಂತಿ 2.4 ಮಿಲಿಮೀಟರ್ ಆಸುಪಾಸು, ಸಣ್ಣ ತಂತಿ 1.6ರಿಂದ 2 ಇದ್ದರೆ ಆರಾಮ. ನಿಮ್ಮದು 4 ಇದೆ. 1.6 ಇಳಿಸಬೇಕು. ಆದರೆ 12ನೇ ಫ್ರೆಟ್ ತಂತಿಯ ನಟ್ಟನಡುವೆ ಇರುತ್ತದೆ. ಅಲ್ಲಿ 1 ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 2 ಉಜ್ಜಬೇಕು. ಅಂದರೆ 3.2 ಮಿಲಿಮೀಟರ್ ತೆಗೆಯಬೇಕು. ಇರುವುದೇ ಒಂದೂವರೆ! ‘ಸ್ವಲ್ಪ ಉಜ್ಜಿಸಿದರೆ ಸರಿಹೋಗುತ್ತೆ’ ಅನ್ನುವ ಮಾತು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ, ಅಲ್ವಾ?

ಇಲ್ಲೊಂದು ನ್ಯಾಯದ ಮಾತೂ ಹೇಳಬೇಕು. ನೀವು ಅಳೆದದ್ದು ಜುಲೈನಲ್ಲಿ, ಮಂಗಳೂರಿನಲ್ಲಿ. ಆ ಮಳೆಗೆ ಮರ ನೀರು ಕುಡಿದು ಉಬ್ಬಿರುತ್ತದೆ. ಟಾಪ್ ಮೇಲೆದ್ದರೆ ಬ್ರಿಡ್ಜ್ ಮೇಲೇಳುತ್ತದೆ, ಅದರ ಜೊತೆ ತಂತಿಯೂ. ಗಿಟಾರ್‌ಗೆ ಹಿತವಾದ ತೇವ ಶೇಕಡಾ 45ರಿಂದ 55. ಕರಾವಳಿಯ ಮಳೆಗಾಲದಲ್ಲಿ ಅದು 80 ದಾಟುತ್ತದೆ. ಹಾಗಾಗಿ ಬೆಂಗಳೂರಿಗೆ ತಂದು ಕೆಲವು ವಾರ ಇಟ್ಟರೆ ತಂತಿ ಅರ್ಧ ಮಿಲಿಮೀಟರ್ ತಾನಾಗೇ ಇಳಿದೀತು. ಆಗಲೂ 3.5 ಉಳಿಯುತ್ತದೆ. 2.4ಕ್ಕೆ ತರಲು ಸ್ಯಾಡಲ್‌ನಲ್ಲಿ 2.2 ಹೋಗಬೇಕು. ಆಗಲೂ ಸಾಲದು. ಮಳೆಯ ಪಾಲನ್ನು ಮಳೆಗೆ ಬಿಟ್ಟರೂ ನೆಕ್ ತಪ್ಪಿಸಿಕೊಳ್ಳುವಂತಿಲ್ಲ.

ಇನ್ನೊಮ್ಮೆ ಹೋದಾಗ ಹೀಗೆ ಮಾಡಿ. ತಂತಿ ಶ್ರುತಿಯಲ್ಲಿರಲಿ. ದಪ್ಪ ತಂತಿಯನ್ನು 1ನೇ ಫ್ರೆಟ್‌ನಲ್ಲೂ 14ನೇ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ನಡುವೆ, 6-7ನೇ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ಕೂದಲೆಳೆಯಷ್ಟು ಸಂದು ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರಿಹೋದರೆ ನೆಕ್ ಬಿಲ್ಲಿನ ಹಾಗೆ ಬಾಗಿದೆ ಅಂತ ಅರ್ಥ. ಈಗಿನ ಗಿಟಾರ್ ಆದರೆ ಟ್ರಸ್ ರಾಡ್ ಕಾಲು ಸುತ್ತು ತಿರುಗಿಸಿದರೆ ಆಯಿತು. ಇದರಲ್ಲಿ ತಿರುಗಿಸಲು ಏನೂ ಇಲ್ಲ. ಫ್ರೆಟ್ ಎಲ್ಲಾ ಕಿತ್ತು, ಬುಡ ಸ್ವಲ್ಪ ದಪ್ಪಗಿರುವ ಫ್ರೆಟ್‌ಗಳನ್ನು ಬಿಗಿಯಾಗಿ ಹೊಡೆದು ನೆಕ್ ನೇರ ಮಾಡಬೇಕು. ಅದು ಕೈಚಳಕದ ಕೆಲಸ.

ನೆಕ್ ನೇರ ಇದೆ ಅಂತ ಖಾತ್ರಿಯಾದ ಮೇಲೆ ಉದ್ದನೆಯ ಉಕ್ಕಿನ ಸ್ಕೇಲ್ ಒಂದನ್ನು ಫ್ರೆಟ್‌ಗಳ ಮೇಲೆ, ನಡುವಿನ ಎರಡು ತಂತಿಗಳ ಮಧ್ಯೆ ಇಟ್ಟು ಬ್ರಿಡ್ಜ್ ಕಡೆಗೆ ನೂಕಿ. ಸ್ಕೇಲಿನ ತುದಿ ಬ್ರಿಡ್ಜ್‌ನ ನೆತ್ತಿಯನ್ನು ಸವರಿಕೊಂಡು ಹೋದರೆ ನೆಕ್ ಕೋನ ಚೆನ್ನಾಗಿದೆ. ಬ್ರಿಡ್ಜ್‌ನ ಎದೆಗೆ ಬಂದು ಗುದ್ದಿದರೆ ರೀಸೆಟ್, ಅಂದರೆ ನೆಕ್ ಬಿಚ್ಚಿ ಕೋನ ಸರಿಮಾಡಿ ಕೂರಿಸುವ ಕೆಲಸ, ಬೇಕು. ನಿಮ್ಮದು ಗುದ್ದುತ್ತದೆ ಅಂತ ಇಲ್ಲಿ ಕೂತೇ ಹೇಳುತ್ತೇನೆ. ಎಷ್ಟು ಕೆಳಗೆ ಗುದ್ದುತ್ತದೆ ಅನ್ನುವುದನ್ನು ಬರೆದುಕೊಳ್ಳಿ.

ಹಾಗೇ ಬ್ರಿಡ್ಜ್‌ನ ದಪ್ಪವನ್ನೂ ಅಳೆಯಿರಿ. ಮಾರ್ಟಿನ್ ಬ್ರಿಡ್ಜ್ ನಡುವೆ ಹೆಚ್ಚುಕಡಿಮೆ 9 ಮಿಲಿಮೀಟರ್ ಇರುತ್ತದೆ. 6-7 ಇದ್ದರೆ ಯಾರೋ ಬ್ರಿಡ್ಜನ್ನೇ ಕೆತ್ತಿದ್ದಾರೆ. ರೀಸೆಟ್ ಖರ್ಚು ತಪ್ಪಿಸಲು ಮಾಡುವ ಹಳೇ ಕಿತಾಪತಿ ಇದು. ತಂತಿ ಇಳಿಯುತ್ತದೆ, ನಾದದ ಜೀವವೂ ಇಳಿಯುತ್ತದೆ. ಮುಂದೆ ನೆಕ್ ಸರಿ ಮಾಡಿಸುವಾಗ ಹೊಸ ಬ್ರಿಡ್ಜೂ ಬೇಕಾಗುತ್ತದೆ. ಇಂಥ ಗಿಟಾರ್‌ಗಳನ್ನು ‘ಆಕ್ಷನ್ ಬೆಣ್ಣೆ ಥರ ಇದೆ’ (ತಂತಿ ಒತ್ತಲು ಹಗುರ) ಅಂತ ಹೇಳಿ ಮಾರುತ್ತಾರೆ. ನನ್ನ ಕೇಳಿದರೆ, ನಿಮ್ಮ ಅಂಕಲ್ ಗಿಟಾರ್‌ನಲ್ಲಿ ತಂತಿ ಎತ್ತರ ಇರುವುದು ಒಂದು ಒಳ್ಳೆ ಗುರುತು. ಮುಚ್ಚಿಡುವ ಕೆಲಸ ಯಾರೂ ಪೂರ್ತಿ ಮಾಡಿಲ್ಲ.

ನೆಕ್ ರೀಸೆಟ್ ಅಂದರೆ ಏನು? ಮಾರ್ಟಿನ್ ನೆಕ್ ಡಬ್ಬಿಗೆ ಡವ್‌ಟೇಲ್ ಜೋಡಣೆಯಲ್ಲಿ, ಅಂಟು ಹಾಕಿ ಕೂತಿರುತ್ತದೆ. ಫ್ರೆಟ್‌ಬೋರ್ಡ್‌ನ ತುದಿಯನ್ನು ಬಿಸಿ ಮಾಡಿ ಬಿಡಿಸಿ, ಒಂದು ಫ್ರೆಟ್ ಕಿತ್ತು, ಆ ಸಂದಿನಲ್ಲಿ ಸಣ್ಣ ತೂತು ಕೊರೆದು ಒಳಗೆ ಹಬೆ ಬಿಟ್ಟು ಅಂಟು ಮೆತ್ತಗೆ ಮಾಡುತ್ತಾರೆ. ನೆಕ್ ಕೈಗೆ ಬಂದ ಮೇಲೆ ಅದರ ಹಿಮ್ಮಡಿಯಲ್ಲಿ ಬೇಕಾದ ಕೋನಕ್ಕೆ ಮರ ಕೆತ್ತಿ, ಜೋಡಣೆಗೆ ತೆಳ್ಳನೆ ಪಟ್ಟಿ ಕೊಟ್ಟು ಬಿಗಿ ಮಾಡಿ ಮತ್ತೆ ಅಂಟಿಸುತ್ತಾರೆ. ಸಾಮಾನ್ಯವಾಗಿ ಜೊತೆಗೇ ಫ್ರೆಟ್ ಕೆಲಸ ಮತ್ತು ಹೊಸ ಸ್ಯಾಡಲ್ ಕೂಡ ಆಗುತ್ತದೆ. ಅಮೆರಿಕದಲ್ಲಿ ಇದಕ್ಕೆ 500ರಿಂದ 1,000 ಡಾಲರ್ ಬೀಳುತ್ತದೆ. ಅಲ್ಲಿ ಈ ಕೆಲಸವನ್ನು ದಿನನಿತ್ಯ ಮಾಡುವವರಿದ್ದಾರೆ. ಹಳೇ ಮಾರ್ಟಿನ್‌ಗೆ ಒಂದಲ್ಲ ಒಂದು ದಿನ ರೀಸೆಟ್ ಬೇಕೇ ಬೇಕು ಅಂತ ಕೊಳ್ಳುವವರಿಗೂ ಗೊತ್ತು. ಚೆನ್ನಾಗಿ ಮಾಡಿದ ರೀಸೆಟ್‌ನಿಂದ ಬೆಲೆ ಇಳಿಯುವುದಿಲ್ಲ. ‘ರೀಸೆಟ್ ಆಗಿದೆ’ ಅಂತ ಬರೆದುಕೊಂಡೇ ಮಾರುತ್ತಾರೆ.

ನಮ್ಮಲ್ಲಿ ಪರಿಸ್ಥಿತಿ ಬೇರೆ. ಬೆಂಗಳೂರಿನಲ್ಲಿ ಸೆಟಪ್, ಫ್ರೆಟ್ ಕೆಲಸ, ಬ್ರಿಡ್ಜ್ ಅಂಟಿಸುವುದನ್ನು ಚೆನ್ನಾಗಿ ಮಾಡುವವರು ಸಿಗುತ್ತಾರೆ. ಡವ್‌ಟೇಲ್ ಬಿಚ್ಚಿ ಕೂಡಿಸಿ ಅಭ್ಯಾಸ ಇರುವವರು ದೇಶದಲ್ಲೇ ಕಡಿಮೆ. ಬೇರೆ ಗಿಟಾರ್‌ಗಳ ಮೇಲೆ ಎಷ್ಟು ರೀಸೆಟ್ ಮಾಡಿದ್ದೀರಿ, ಒಂದನ್ನು ತೋರಿಸುತ್ತೀರಾ ಅಂತ ಸಂಕೋಚ ಬಿಟ್ಟು ಕೇಳಿ. ಹಬೆ ಜಾಸ್ತಿಯಾಗಿ ಮೇಲಿನ ಲ್ಯಾಕರ್ ಬಿಳಿಚಿಕೊಂಡ, ಹಿಮ್ಮಡಿ ಒಡೆದ ನೆಕ್‌ಗಳನ್ನು ನಾನು ನೋಡಿದ್ದೇನೆ. ಕೆಲಸ ಮಾಡುವವರು ಯಾರು ಅಂತ ಗೊತ್ತಾಗುವ ಮೊದಲು ಗಿಟಾರ್‌ಗೆ ದುಡ್ಡು ಕೊಡಬೇಡಿ. ಅಮೆರಿಕದ ದರ ನೋಡಿ ಬೆಲೆ ಕಟ್ಟುವವರು ಮರೆಯುವುದು ಇದನ್ನೇ. ಅಲ್ಲಿನ ಬೆಲೆಯ ಹಿಂದೆ ಅಲ್ಲಿನ ರಿಪೇರಿ ವ್ಯವಸ್ಥೆ ಇದೆ.

ಮಾರ್ಟಿನ್‌ಗೆ ಜೀವನಪರ್ಯಂತ ವಾರಂಟಿ ಇದೆಯಲ್ಲ ಅಂತ ಯಾರಾದರೂ ಹೇಳಿಯಾರು. ಅದು ಮೊದಲು ಕೊಂಡವರಿಗೆ ಮಾತ್ರ. ಅಂಕಲ್ಲೇ ಸೆಕೆಂಡ್ ಹ್ಯಾಂಡ್ ಕೊಂಡವರು. ಅವರಿಗೂ ಇಲ್ಲ, ನಿಮಗೂ ಇಲ್ಲ.

ಬಿರುಕಿನ ಬಗ್ಗೆ ನೀವು ಭಯಪಟ್ಟಿದ್ದೀರಿ ಅನಿಸಿತು. ಅದು ಸಣ್ಣ ವಿಷಯ. ಆ ಕಾಲದ ಮಾರ್ಟಿನ್‌ಗಳಲ್ಲಿ ಪಿಕ್‌ಗಾರ್ಡನ್ನು ಬಣ್ಣ ಬಳಿಯುವ ಮೊದಲೇ ಬರೀ ಮರಕ್ಕೆ ಅಂಟಿಸುತ್ತಿದ್ದರು. ವರ್ಷ ಕಳೆದಂತೆ ಆ ಪ್ಲಾಸ್ಟಿಕ್ ಕುಗ್ಗುತ್ತದೆ. ಕುಗ್ಗುವಾಗ ಕೆಳಗಿನ ಸ್ಪ್ರೂಸ್ ಮರವನ್ನೂ ಎಳೆಯುತ್ತದೆ. ಎಳೆತಕ್ಕೆ ಪಿಕ್‌ಗಾರ್ಡ್ ಅಂಚಿನಲ್ಲೇ, ಬ್ರಿಡ್ಜ್‌ನಿಂದ ಸೌಂಡ್‌ಹೋಲ್ ಕಡೆಗೆ ಟಾಪ್ ಸೀಳುತ್ತದೆ. ಎಷ್ಟು ಸಾಮಾನ್ಯ ಅಂದರೆ ಇದನ್ನು ‘ಮಾರ್ಟಿನ್ ಕ್ರ್ಯಾಕ್’ ಅಂತಲೇ ಕರೆಯುತ್ತಾರೆ. ಪಿಕ್‌ಗಾರ್ಡ್ ಬಿಡಿಸಿ, ಬಿರುಕಿಗೆ ಅಂಟು ಕೊಟ್ಟು, ಒಳಗಿನಿಂದ ಸಣ್ಣ ಸ್ಪ್ರೂಸ್ ಬಿಲ್ಲೆಗಳನ್ನು ಅಡ್ಡ ಅಂಟಿಸಿದರೆ ಮುಗಿಯಿತು. ಆಮೇಲೆ ಬರೀ ಮರಕ್ಕೆ ಲ್ಯಾಕರ್ ಹಚ್ಚಿ, ಪಿಕ್‌ಗಾರ್ಡನ್ನು ಎರಡು ಬದಿ ಅಂಟಿನ ಹಾಳೆಯಲ್ಲಿ ಕೂರಿಸಬೇಕು. ಮತ್ತೆ ಸೀಳುವುದಿಲ್ಲ. ಬಿರುಕಿನ ಎರಡೂ ಅಂಚು ಒಂದೇ ಮಟ್ಟದಲ್ಲಿವೆಯಾ ಅಂತ ಉಗುರಾಡಿಸಿ ನೋಡಿ. ಒಂದು ಅಂಚು ಮೇಲೆದ್ದಿದ್ದರೆ ಮಾತ್ರ ಕೆಲಸ ಸ್ವಲ್ಪ ಜಾಸ್ತಿ.

ಬಿರುಕಿಗಿಂತ ಒಳಗಿನದು ಮುಖ್ಯ. ಫೋನ್ ಕ್ಯಾಮೆರಾದಲ್ಲಿ ವಿಡಿಯೊ ಹಾಕಿ, ಟಾರ್ಚ್ ಹೊತ್ತಿಸಿ, ತಂತಿ ಸಡಿಲಿಸಿಕೊಂಡು ಸೌಂಡ್‌ಹೋಲ್‌ನಿಂದ ಒಳಗೆ ತೂರಿಸಿ. ನಿಧಾನವಾಗಿ ತಿರುಗಿಸಿ. ಬ್ರಿಡ್ಜ್‌ನ ನೇರ ಕೆಳಗೆ ಒಂದು ಮರದ ಪಟ್ಟಿ ಕಾಣುತ್ತದೆ. ತಂತಿಯ ತುದಿಯ ಗುಂಡುಗಳು ಅದರ ಮೇಲೆ ಕೂತಿರಬೇಕು. ತೂತುಗಳು ಕಿತ್ತುಹೋಗಿ ಗುಂಡು ಒಳಗೇ ಹೂತುಹೋಗಿದ್ದರೆ ಆ ಪಟ್ಟಿಗೆ ಕೆಲಸ ಬೇಕು. ನಿಮ್ಮ ಗಿಟಾರ್‌ನಲ್ಲಿ ಇದು ಅಗಲವಾದ ರೋಸ್‌ವುಡ್ ಪಟ್ಟಿ ಆಗಿರುತ್ತದೆ. ಅರವತ್ತರ ದಶಕದ ಕೊನೆಯಲ್ಲಿ ಚಿಕ್ಕ ಮೇಪಲ್ ಪಟ್ಟಿ ಬಿಟ್ಟು ಇದನ್ನು ಹಾಕಲು ಶುರು ಮಾಡಿದರು, ಟಾಪ್ ಉಬ್ಬದಿರಲಿ ಅಂತ. ಗಟ್ಟಿತನ ಬಂತು, ನಾದ ಸ್ವಲ್ಪ ಬಿಗಿಯಾಯಿತು. ಎಪ್ಪತ್ತರ ದಶಕದ ಡಿ-28ಗಳು ಹಿಂದಿನವಕ್ಕಿಂತ ಅಗ್ಗವಾಗಲು ಇದೂ ಒಂದು ಕಾರಣ. ಟಾಪ್ ಕೆಳಗೆ ಆಧಾರಕ್ಕಿರುವ ಬ್ರೇಸ್ ಪಟ್ಟಿಗಳನ್ನು ಕೆತ್ತಿ ಹಗುರ ಮಾಡುವ ಹಳೇ ಪದ್ಧತಿಯನ್ನು ಮಾರ್ಟಿನ್ 1944ರಲ್ಲೇ ಬಿಟ್ಟಿತ್ತು. ಅದನ್ನು ಮತ್ತೆ ತಂದದ್ದು 1976ರಲ್ಲಿ, ಎಚ್‌ಡಿ-28 ಮಾಡೆಲ್‌ನಲ್ಲಿ. ನಿಮ್ಮದು ಆ ಎರಡರ ನಡುವಿನ ಕಾಲದ್ದು.

ಬ್ರೇಸ್ ಬಿಟ್ಟಿದೆಯಾ ಅಂತ ನೋಡಲು ಟಾಪನ್ನೂ ಹಿಂಭಾಗವನ್ನೂ ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಎಲ್ಲೋ ಒಂದು ಕಡೆ ಒಡಕು ಸದ್ದು, ಕಿರ್ರೆನ್ನುವ ನಡುಕ ಕೇಳಿದರೆ ಅಲ್ಲಿ ಅಂಟು ಬಿಟ್ಟಿದೆ. ಬ್ರಿಡ್ಜ್‌ನ ಹಿಂಬದಿ ಅಂಚಿಗೆ ತೆಳ್ಳನೆ ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಬ್ರಿಡ್ಜ್ ಏಳುತ್ತಿದೆ. ಇವೆರಡೂ ಬೆಂಗಳೂರಿನಲ್ಲೇ ಸರಿಯಾಗುವ ಕೆಲಸ, ಹೆದರಬೇಡಿ.

ಮಂಗಳೂರಿನ ಮನೆಯಲ್ಲಿ ಅಷ್ಟು ವರ್ಷ ಇದ್ದದ್ದರಿಂದ ಇನ್ನೊಂದು ಪರೀಕ್ಷೆ ಬೇಕು. ಮೂಗು ಸೌಂಡ್‌ಹೋಲ್ ಹತ್ತಿರ ತಂದು ವಾಸನೆ ನೋಡಿ. ಹಳೇ ಮರದ, ಲ್ಯಾಕರ್‌ನ ವಾಸನೆ ಬಂದರೆ ಸಂತೋಷ. ಬೂಷ್ಟಿನ ಮುಗ್ಗಲು ವಾಸನೆ ಬಂದರೆ ಪಕ್ಕದ ಪಟ್ಟಿಗಳನ್ನು ಹಿಡಿದಿರುವ ಒಳಗಿನ ಕಚ್ಚುಮರವನ್ನು ವಿಡಿಯೊದಲ್ಲಿ ಗಮನವಿಟ್ಟು ನೋಡಿ. ಸೂಜಿಮೊನೆಯಂಥ ತೂತು, ಅದರ ಕೆಳಗೆ ನುಣ್ಣನೆ ಹಿಟ್ಟು ಕಂಡರೆ ಹುಳು ಕೊರೆದಿದೆ. ಬೀಟೆಯನ್ನು ಹುಳು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ, ಆದರೆ ಒಳಗಿನ ಮರ ಬೇರೆ. ಹುಳು ಹಿಡಿದದ್ದು ಖಚಿತವಾದರೆ ಯಾವ ಬೆಲೆಗೂ ಬೇಡ ಅನ್ನುತ್ತೇನೆ. ಕೇಸನ್ನೂ ಹೀಗೇ ನೋಡಿ.

ಟ್ಯೂನರ್ ಬದಲಾಯಿಸಿದ್ದಕ್ಕೆ ಬೆಲೆ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಹಳೇ ಸ್ಕ್ರೂ ತೂತು ತಲೆಯ ಹಿಂದೆ ಬಾಯಿ ಬಿಟ್ಟುಕೊಂಡಿವೆಯಾ, ಹೊಸದಕ್ಕಾಗಿ ತೂತು ದೊಡ್ಡದು ಮಾಡಿದ್ದಾರಾ ಅಂತ ನೋಡಿ. ಮೊದಲಿನ ಟ್ಯೂನರ್‌ಗಳು ಯಾವುದೋ ಡಬ್ಬದಲ್ಲಿ ಬಿದ್ದಿರಬಹುದು, ಹುಡುಕಿಕೊಡಿ ಅಂತ ಕೇಳಿ. ಹಳೇ ಬಿಡಿಭಾಗ ಎಸೆಯದವರ ಮನೆಯಲ್ಲಿ ಗಿಟಾರನ್ನೂ ಜೋಪಾನವಾಗಿಟ್ಟಿರುವ ಸಾಧ್ಯತೆ ಜಾಸ್ತಿ.

ಲ್ಯಾಕರ್ ಮೊದಲಿನದೇ ಅನ್ನುವುದು ಮಾತ್ರ ದೊಡ್ಡ ವಿಷಯ. ಇಡೀ ಗಿಟಾರ್‌ಗೆ ಹೊಸ ಬಣ್ಣ ಹೊಡೆಸಿದ್ದರೆ ಬೆಲೆ ಹತ್ತಿರಹತ್ತಿರ ಅರ್ಧಕ್ಕೆ ಇಳಿಯಿತು ಅಂತಲೇ ಲೆಕ್ಕ. ಐವತ್ತು ವರ್ಷದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಜೇನುಬಣ್ಣಕ್ಕೆ ತಿರುಗಿರುತ್ತದೆ, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಪುಟ್ಟ ಟಾರ್ಚ್ ಸಿಗುತ್ತದಲ್ಲ, ಅದನ್ನು ಕತ್ತಲೆ ಕೋಣೆಯಲ್ಲಿ ಹಿಡಿಯಿರಿ. ಹಳೇ ಲ್ಯಾಕರ್ ಹಸಿರು-ಹಳದಿಯಾಗಿ ಮಿನುಗುತ್ತದೆ. ಮಧ್ಯದಲ್ಲಿ ಒಂದು ಕಡೆ ಬೇರೆ ಬಣ್ಣದ ತೇಪೆ ಕಂಡರೆ ಅಲ್ಲಿ ಆಮೇಲೆ ಏನೋ ಬಳಿದಿದ್ದಾರೆ. ಗೀರು, ತಗ್ಗು, ತೋಳು ತಾಗಿ ಸವೆದ ಗುರುತು ಇವೆಲ್ಲ ಇರಲಿ ಬಿಡಿ. ನುಡಿಸಿದ ಗಿಟಾರ್ ಹಾಗೇ ಇರುತ್ತದೆ.

ಫ್ರೆಟ್ ಸವೆತದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರೀಸೆಟ್ ಜೊತೆ ಹೇಗೂ ಫ್ರೆಟ್ ಕೆಲಸ ಆಗುತ್ತದೆ.

ಆದರೆ ಒಂದನ್ನು ತಪ್ಪದೆ ನೋಡಿ. ಎಪ್ಪತ್ತರ ದಶಕದ ಮಾರ್ಟಿನ್‌ಗಳಲ್ಲಿ ಹಲವಕ್ಕೆ ಬ್ರಿಡ್ಜ್ ಕೂರಿಸಿದ ಜಾಗವೇ ಸ್ವಲ್ಪ ಆಚೀಚೆ ಆಗಿದೆ. ಮೊದಲ ಮೂರು ಫ್ರೆಟ್‌ಗಳಲ್ಲಿ ಕಾರ್ಡ್ ಹಿಡಿದರೆ ಇಂಪಾಗಿರುತ್ತದೆ, ಮೇಲಕ್ಕೆ ಹೋದಂತೆ ಶ್ರುತಿ ಜಾರುತ್ತದೆ. ಹೊಸ ತಂತಿ ಹಾಕಿಸಿ. 12ನೇ ಫ್ರೆಟ್ ಮೇಲೆ ಬೆರಳು ಸುಮ್ನೆ ತಾಗಿಸಿ ಹಾರ್ಮೊನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಎರಡನ್ನೂ ಶ್ರುತಿ ತೋರಿಸುವ ಟ್ಯೂನರ್ ಮೀಟರ್‌ನಲ್ಲಿ ಹೋಲಿಸಿ. ನಿಮ್ಮ ಗಿಟಾರ್‌ನಲ್ಲಿ ತಂತಿ ಎತ್ತರ ಇರುವುದರಿಂದ ಒತ್ತಿದಾಗ ಶ್ರುತಿ ಸ್ವಲ್ಪ ಏರುವುದು ಸಹಜ. ಅದಕ್ಕೆ ವಿರುದ್ಧವಾಗಿ ಇಳಿದರೆ, ಅಥವಾ ಒಂದು ತಂತಿ ಏರಿ ಇನ್ನೊಂದು ಇಳಿದರೆ, ಸ್ಯಾಡಲ್ ಕೂರುವ ಸೀಳನ್ನು ಮುಚ್ಚಿ ಬೇರೆ ಜಾಗದಲ್ಲಿ ಕೊರೆಯಬೇಕಾಗುತ್ತದೆ. ರೀಸೆಟ್ ಮಾಡುವವರೇ ಇದನ್ನೂ ಮಾಡುತ್ತಾರೆ. ಒಟ್ಟಿಗೆ ಮಾತಾಡಿ.

ಈಗ ದುಡ್ಡಿನ ಮಾತು. 1974ರಲ್ಲಿ ಮಾರ್ಟಿನ್ ಹಾಕಿದ ಸೀರಿಯಲ್ ನಂಬರ್‌ಗಳೇ ಸುಮಾರು 19,500. ಡಿ-28 ಅವರ ಮುಖ್ಯ ಮಾಡೆಲ್‌ಗಳಲ್ಲಿ ಒಂದು. ಹಾಗಾಗಿ ‘ಈಗ ಸಿಗಲ್ಲ’ ಅನ್ನುವುದು ನಿಜವಲ್ಲ. ಅಮೆರಿಕದಲ್ಲಿ ಯಾವ ವಾರ ಹುಡುಕಿದರೂ ಸಿಗುತ್ತವೆ. ನುಡಿಸಲು ತಯಾರಾಗಿರುವ, ಲ್ಯಾಕರ್ ಮೊದಲಿನದೇ ಇರುವ ಗಿಟಾರ್ ಅಲ್ಲಿ ಸಾಮಾನ್ಯವಾಗಿ 2,000ದಿಂದ 3,000 ಡಾಲರ್ ಒಳಗೆ ಹೋಗುತ್ತದೆ. ಬೆಲೆ ಹುಡುಕುವಾಗ ಕೇಳುತ್ತಿರುವ ಬೆಲೆ ನೋಡಬೇಡಿ. ಆ ಬೆಲೆಗೆ ವರ್ಷಗಟ್ಟಲೆ ಮಾರಾಟವಾಗದೆ ಕೂತ ಗಿಟಾರ್‌ಗಳಿವೆ. ರಿವರ್ಬ್‌ನಂಥ ತಾಣಗಳಲ್ಲಿ ಮಾರಾಟವಾಗಿ ಮುಗಿದ ಬೆಲೆ ಸಿಗುತ್ತದೆ, ಅದನ್ನು ನೋಡಿ. ವರ್ಷ, ಮರ, ರೀಸೆಟ್ ಆಗಿದೆಯಾ ಇಲ್ಲವಾ, ಇವು ಮೂರೂ ಹೊಂದಬೇಕು.

ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೆ 1.7 ಲಕ್ಷದಿಂದ 2.55 ಲಕ್ಷ ಆಯಿತು. ಬಿರುಕು, ಬದಲಾದ ಟ್ಯೂನರ್ ಇರುವುದರಿಂದ ನಿಮ್ಮದು ಮೇಲಿನ ತುದಿಗೆ ಹೋಗುವುದಿಲ್ಲ. 2 ಲಕ್ಷ ಅಂದುಕೊಳ್ಳಿ. ಅದರಲ್ಲಿ ರೀಸೆಟ್, ಫ್ರೆಟ್, ಬಿರುಕಿನ ಕೆಲಸ ಸೇರಿ ಅಮೆರಿಕದ ದರದಲ್ಲೇ 60ರಿಂದ 80 ಸಾವಿರ ಕಳೆಯಿರಿ. ಇಲ್ಲಿ ಕಡಿಮೆಗೆ ಆದೀತು, ಆದರೆ ಕೆಲಸ ಕೆಡುವ ಅಪಾಯ ನಿಮ್ಮ ತಲೆ ಮೇಲಿದೆ. ಆ ಅಪಾಯಕ್ಕೂ ಒಂದು ಬೆಲೆ ಇದೆ. ಹಾಗಾಗಿ ಇವತ್ತು ಇರುವ ಹಾಗೇ ಕೊಳ್ಳುವುದಾದರೆ ನಾನು 1.2 ಲಕ್ಷದಿಂದ ಮಾತು ಶುರು ಮಾಡಿ 1.4 ಲಕ್ಷಕ್ಕೆ ನಿಲ್ಲಿಸುತ್ತೇನೆ. 3.5 ಲಕ್ಷ ಅಂದರೆ 4,000 ಡಾಲರ್ ದಾಟಿತು. ಅಮೆರಿಕದಲ್ಲಿ ಹೊಚ್ಚಹೊಸ ಡಿ-28 ಕೂಡ ಅದಕ್ಕಿಂತ ಕಡಿಮೆಗೆ ಬರುತ್ತದೆ, ಅದೂ ವಾರಂಟಿ ಜೊತೆ.

ಮತ್ತೆ ಮಾರುವ ಯೋಚನೆ ಇದ್ದರೆ ಇನ್ನೂ ಕೆಳಗೆ ಬನ್ನಿ. ನಮ್ಮಲ್ಲಿ ಹಳೇ ಮಾರ್ಟಿನ್‌ಗೆ ಆಸೆಪಡುವವರು ಬಹಳ, ಲಕ್ಷಗಟ್ಟಲೆ ಕೊಡುವವರು ಕಮ್ಮಿ.

ನಾದ ಚೆನ್ನಾಗಿದೆ ಅಂದಿರಿ. ಅದನ್ನು ನಾನು ತಳ್ಳಿಹಾಕುವುದಿಲ್ಲ, ಕೊನೆಗೆ ನೀವು ಕೊಳ್ಳುವುದು ಅದಕ್ಕಾಗಿಯೇ. ಆದರೆ ಎತ್ತರದ ತಂತಿ ಜೋರಾಗಿ ಕೇಳುತ್ತದೆ ಅನ್ನುವುದು ನೆನಪಿರಲಿ. ಮುಂದಿನ ಸಲ ನಿಮ್ಮ ಯಮಾಹಾವನ್ನೂ ಜೊತೆಗೆ ಒಯ್ಯಿರಿ. ಎರಡಕ್ಕೂ ಒಂದೇ ಹೊಸ ತಂತಿ, ಒಂದೇ ಕೋಣೆ, ಒಂದೇ ಹಾಡು. ಬೇರೆಯವರು ನುಡಿಸುವಾಗ ನೀವು ಎದುರಿಗೆ ಕೂತು ಕೇಳಿ. ಬೆರಳಿನಿಂದ ಮೆಲ್ಲಗೆ ನುಡಿಸಿದಾಗಲೂ ಸಣ್ಣ ತಂತಿಗಳಲ್ಲಿ ತುಂಬಿದ ನಾದ ಬರುತ್ತಿದ್ದರೆ ಅದು ಒಳ್ಳೆ ಟಾಪ್.

ಬೆಲೆ ಮಾತಾಡುವಾಗ ಅಪ್ಪನ ಸ್ನೇಹಿತರು ಅನ್ನುವ ಸಂಕೋಚ ಇರುತ್ತದೆ. ‘ನಿಮ್ಮದು ಬ್ರೆಜಿಲ್ ಮರ ಅಲ್ಲ ಅಂಕಲ್’ ಅಂತ ಶುರು ಮಾಡಬೇಡಿ. ಮೊದಲು ಸ್ಕೇಲ್ ಇಟ್ಟು ನೆಕ್ ತೋರಿಸಿ, ರೀಸೆಟ್ ಖರ್ಚು ಹೇಳಿ. ಆಮೇಲೆ ಕಂಪನಿಯ ನಂಬರ್ ಪಟ್ಟಿಯನ್ನು ಅವರ ಫೋನಿನಲ್ಲೇ ತೆಗೆದು ಅವರ ಕೈಗೆ ಕೊಡಿ. ಅವರು ಒಪ್ಪದಿದ್ದರೆ ಇನ್ನೊಂದು ದಾರಿ ಇದೆ: ಅವರೇ ರೀಸೆಟ್ ಮಾಡಿಸಿ ಕೊಡಲಿ, ತಂತಿ 2.4ಕ್ಕೆ ಇಳಿದು ಸ್ಯಾಡಲ್ 3 ಮಿಲಿಮೀಟರ್ ಕಾಣುವಂತಾದರೆ ನೀವು 2 ಲಕ್ಷ ಕೊಡಿ. ಅದು ಇಬ್ಬರಿಗೂ ನ್ಯಾಯ.

ಮಾತು ಕುದುರಿದರೆ ಗಿಟಾರನ್ನು ಮಳೆ ನಿಂತ ಮೇಲೆ ತನ್ನಿ. ಬಸ್ಸಿನ ಡಿಕ್ಕಿಯಲ್ಲಿ ಬೇಡ, ಬಿಸಿಲಲ್ಲಿ ನಿಂತ ಕಾರಿನಲ್ಲೂ ಬೇಡ. ಆ ಕಾವಿಗೆ ಅಂಟು ಮೆತ್ತಗಾಗಿ ಬ್ರಿಡ್ಜ್ ಎದ್ದುಬರುತ್ತದೆ. ತಂತಿ ಒಂದೆರಡು ಸ್ವರ ಇಳಿಸಿ, ಕೇಸಿನೊಳಗೆ ತಲೆಯ ಕೆಳಗೆ ಬಟ್ಟೆ ಒತ್ತರಿಸಿ, ಸೀಟಿನ ಮೇಲೆ ಇಟ್ಟುಕೊಂಡು ಘಟ್ಟ ಹತ್ತಿ. ಬೆಂಗಳೂರಿಗೆ ತಂದ ಮೇಲೂ ತಕ್ಷಣ ರಿಪೇರಿಗೆ ಕೊಡಬೇಡಿ. ಕೇಸಿನೊಳಗೆ ತೇವ ಅಳೆಯುವ ಪುಟ್ಟ ಮೀಟರ್ ಇಡಿ. ಮುಳ್ಳು 50ರ ಆಸುಪಾಸು ಬಂದು ಎರಡು ಮೂರು ವಾರ ಅಲ್ಲೇ ನಿಂತ ಮೇಲೆ ಮತ್ತೊಮ್ಮೆ ಅಳತೆ ತೆಗೆಯಿರಿ. ರೀಸೆಟ್ ಮಾಡುವವರು ಆ ಅಳತೆಗೇ ಕೋನ ಕೆತ್ತಬೇಕು. ಉಬ್ಬಿದ ಮರದ ಅಳತೆಗೆ ಕೆತ್ತಿದರೆ ಬೇಸಿಗೆ ಬಂದಾಗ ತಂತಿ ಫ್ರೆಟ್‌ಗೆ ತಾಗಿ ಝರಝರ ಅನ್ನುತ್ತದೆ.